ಗಡುವಿಲ್ಲದ ಕಾಗದ

ಕಾಗದದ ಬೆಲೆ ಮತ್ತೆ ಇಳಿದಿತ್ತು, ಮರಿಬಸಪ್ಪ ಮಾಸ್ತರಿಗೆ ಅದರಿಂದ ಸಂತೋಷವಾಯಿತು. ಸಂತೋಷವಾಯಿತೆಂದು ಗೊತ್ತಾದ ಮರುಗಳಿಗೆ ನಾಚಿಕೆಯೂ ಆಯಿತು, ನಿಜ. ಆದರೆ ನಾಚಿಕೆ ಬಂದು ಮುಟ್ಟುವಷ್ಟರಲ್ಲಿ ಸಂತೋಷ ಒಳಗೆ ಕಾಲು ಚಾಚಿ ಕೂತುಬಿಟ್ಟಿತ್ತು. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ, ತಮ್ಮ ಮನೆಯ ಕಟ್ಟೆಯ ಮೇಲೆ, ಮದರಾಸಿನಿಂದ ಒಂದು ದಿನ ಹಳಸಿ ಬರುವ ಪತ್ರಿಕೆಯ ಒಳಪುಟವನ್ನು ಮೂಗಿಗೆ ತಾಗಿಸಿಕೊಂಡು ಅವರು ಕೂತಿದ್ದರು. ಹತ್ತಿ, ಶೇಂಗಾ, ಚಿನ್ನ, ಬೆಳ್ಳಿ ಎಲ್ಲ ಮುಗಿದ ಮೇಲೆ, ಯಾರೂ ನೋಡದ ಮೂಲೆಯಲ್ಲಿ, ಸರ್ಕಾರಿ ಸಾಲಪತ್ರಗಳ ಬೆಲೆ ಇರುತ್ತಿತ್ತು. ಮೂರು ಪರ್ಸೆಂಟಿನ, ಅಸಲು ತೀರಿಸುವ ಗಡುವೇ ಇಲ್ಲದ ಒಂದು ಸಾಲಪತ್ರ ಯುದ್ಧ ಮುಗಿದ ಮರುವರ್ಷ ನೂರು ರೂಪಾಯಿಗೆ ಹೋಗುತ್ತಿದ್ದದ್ದು ಈಗ ತೊಂಬತ್ತಕ್ಕೂ ಕೆಳಗೆ ಬಂದು, ಇನ್ನೂ ಇಳಿಯುವ ಹವಣಿಕೆಯಲ್ಲಿತ್ತು. ಮಾಸ್ತರ ಬಳಿ ಅಂಥ ಕಾಗದ ಒಂದೂ ಇರಲಿಲ್ಲ. ಅವರಿಗೆ ಇದ್ದದ್ದು ಹೈಸ್ಕೂಲಿನಲ್ಲಿ ಗಣಿತ ಹೇಳಿದ್ದಕ್ಕೆ ಬರುವ ಸಂಬಳ, ಈ ಮನೆ, ಮತ್ತು ಎರ್ರಮ್ಮ. ಕಾಗದವೆಲ್ಲ ಇದ್ದದ್ದು ಕುರುಗೋಡಿನ ಹೆಣ್ಣುಮಕ್ಕಳ ವಿದ್ಯಾನಿಧಿಯಲ್ಲಿ. ಕೊಂಡು ಇಟ್ಟವಳು ನಿಧಿಯ ಖಜಾಂಚಿ ಕೊಟ್ರಬಸಮ್ಮ. ಆಕೆ ನಿಧಿಯನ್ನು ನೋಡಿಕೊಂಡದ್ದು ಸರಿಯೋ ತಪ್ಪೋ ಎಂದು ಪರೀಕ್ಷಿಸಿ, ಯುಗಾದಿಯ ದಿನ ಕುರುಗೋಡಿನ ಗುಡಿಯಲ್ಲಿ ಎಲ್ಲರೆದುರು ಹೇಳಬೇಕೆಂದು ನಿಧಿಯ ಹಿರಿಯರು ಕೇಳಿಕೊಂಡದ್ದು ಮರಿಬಸಪ್ಪ ಮಾಸ್ತರನ್ನು. ಯುಗಾದಿ ನಾಳೆಯೇ ಇತ್ತು.

"ಯಾರದ್ರಿ ಮದುವಿ?" ಎಂದಳು ಎರ್ರಮ್ಮ, ಕಾಫಿಯ ಲೋಟ ಇಡುತ್ತ.

"ಯಾವ ಮದುವಿ?"

"ಪೇಪರ್ ನೋಡಿ ಒಬ್ಬರ ನಗಾಕತ್ತೀರಲ್ಲ, ಅದಕ್ಕ ಕೇಳಿದೆ."

"ನಗಲಿಲ್ಲ. ನಿಧಿ ಕಾಗದದ ಬೆಲಿ ಇಳದೈತಿ, ಅದನ್ನ ನೋಡಾಕತ್ತಿದ್ದೆ."

ಎರ್ರಮ್ಮ ಅಲ್ಲೇ ಕಂಬಕ್ಕೆ ಒರಗಿ ನಿಂತಳು. "ಕಾಗದ ಹರದಿಲ್ಲ, ಸುಟ್ಟಿಲ್ಲ. ಪೆಟಗ್ಯಾಗ ಇಟ್ಟದ್ದು ಇಟ್ಟಂಗ ಐತಿ. ಬೆಲಿ ಯಾಕ ಇಳೀಬೇಕು?"

ಪಾಠ ಹೇಳುವ ಅವಕಾಶ ಸಿಕ್ಕರೆ ಮಾಸ್ತರಿಗೆ ಕಾಫಿ ಆರಿದರೂ ಚಿಂತೆಯಿಲ್ಲ. "ನೋಡು. ಈ ಕಾಗದ ನೂರು ರೂಪಾಯಿಗೆ ವರ್ಷಕ್ಕ ಮೂರು ರೂಪಾಯಿ ಬಡ್ಡಿ ಕೊಡತೈತಿ. ಹೋದ ಕಾರ್ತೀಕದಾಗ ರಿಸರ್ವ್ ಬ್ಯಾಂಕಿನೋರು ಬಡ್ಡಿ ಏರಿಸಿದ್ರು. ಈಗ ಹೊಸ ಕಾಗದ ಮೂರೂವರಿ ಕೊಡತೈತಿ ಅನ್ನು. ಮೂರು ಕೊಡೋ ಹಳೇದನ್ನ ನೂರು ಕೊಟ್ಟು ಯಾರು ತಗೋತಾರ? ಕಮ್ಮಿಗೆ ಕೊಟ್ರ ತಗೋತಾರ. ಬಡ್ಡಿ ಮ್ಯಾಲ ಹೋದಂಗ ಹಳೇ ಕಾಗದದ ಬೆಲಿ ಕೆಳಗ ಬರತೈತಿ."

"ಮೂರು ರೂಪಾಯಿ ಬರೋದು ನಿಂತಿಲ್ಲಲ್ಲ?"

"ಇಲ್ಲ."

"ಮತ್ತ ನಿಧಿಯೋರ ಬೋರ್ಡಿಂಗಿನ ಹುಡುಗ್ಯಾರು ಉಣ್ಣೋದು ಆ ಮೂರು ರೂಪಾಯ್ದಾಗ ಅಲ್ಲೇನು? ಅವರಿಗೇನು ಕಮ್ಮಿ ಆತು?"

"ನಿನಗ ತಿಳಿಯಂಗಿಲ್ಲ, ಬಿಡು," ಎಂದರು ಮಾಸ್ತರು. ಅವಳಿಗೆ ತಿಳಿದಿತ್ತೆಂಬುದೇ ಅವರಿಗೆ ಕಸಿವಿಸಿಯಾದದ್ದು. ಎರ್ರಮ್ಮ ನಕ್ಕು ಒಳಗೆ ಹೋದಳು. ಆ ನಗುವಿನಲ್ಲಿ ನಿಧಿಯ ಮಾತು ಇರಲಿಲ್ಲ, ಬೇರೆ ಮಾತು ಇತ್ತು. ಮದುವೆಯಾದ ಹೊಸದರಲ್ಲಿ, ಯಾವುದೋ ದುರ್ಬಲ ಗಳಿಗೆಯಲ್ಲಿ, ತಾನು ಅವಳಿಗಿಂತ ಮೊದಲು ಕುರುಗೋಡಿಗೆ ಒಂದು ಹೆಣ್ಣು ನೋಡಲು ಹೋಗಿದ್ದೆನೆಂದು ಮಾಸ್ತರು ಬಾಯಿಬಿಟ್ಟಿದ್ದರು. ಅಂದಿನಿಂದ ಎರ್ರಮ್ಮನ ಕೈಗೆ ಒಂದು ಆಟಿಕೆ ಸಿಕ್ಕಂತಾಗಿತ್ತು, ಬೇಜಾರಾದಾಗೆಲ್ಲ ತೆಗೆದು ಆಡುತ್ತಿದ್ದಳು.

ಆಗ ಮಾಸ್ತರಿಗೆ ಮೀಸೆ ಕಪ್ಪಗಿತ್ತು, ಹೊಸದಾಗಿ ಬಿ.ಎ. ಆಗಿತ್ತು, ಮದರಾಸಿನಲ್ಲಿ ಹೊಲಿಸಿದ ಕೋಟು ಇತ್ತು. ಬಳ್ಳಾರಿಯ ಬಿಸಿಲಿನಲ್ಲಿ ಆ ಕೋಟು ಹಾಕಿಕೊಂಡು ಕುರುಗೋಡಿನ ಹತ್ತಿ ಸಾಹುಕಾರರ ಮನೆಯ ಪಡಸಾಲೆಯಲ್ಲಿ ಕೂತು, ಬೆವರು ಕಣ್ಣಿಗಿಳಿದು, ಎದುರಿಗೆ ಬಂದು ಕೂತ ಹುಡುಗಿ ಎರಡಾಗಿ ಕಂಡು, ಸಜ್ಜಕದ ತಟ್ಟೆಯನ್ನು ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡು ಅವರು ಎಲ್ಲದಕ್ಕೂ ಹೌದ್ರಿ ಎಂದಿದ್ದರು. ಹೊರಡುವಾಗ ಒಂದು ಚಪ್ಪಲಿ ಸಿಗಲಿಲ್ಲ. ಯಾವುದೋ ನಾಯಿ ಎಳೆದು ಕಟ್ಟೆಯ ಕೆಳಗೆ ಹಾಕಿತ್ತು. ಬಗ್ಗಿ ಅದನ್ನು ಹುಡುಕುತ್ತಿರುವಾಗ ಕಿಟಕಿಯಿಂದ ಸಾಹುಕಾರರ ಮಾತು ಕೇಳಿಸಿತು. "ಹುಡುಗ ಚೊಲೋ ಅದಾನ. ಆದರ ತಿಂಗಳಾ ತಿಂಗಳಾ ಎಷ್ಟು ಬರತೈತಿ ಅಂತ ಸಾಯೋತನ ಗೊತ್ತಿರೋ ಮನುಷ್ಯ. ಅಂಥಾವನ ಕೂಡ ಬಾಳೇವು ಹೆಂಗ ಮಾಡತಾಳ ನಮ್ಮ ಹುಡುಗಿ?" ಹಿಂದೆಯೇ ಯಾರೋ ಹೆಂಗಸು ನಕ್ಕಳು. ಹುಡುಗಿಯೋ, ಹುಡುಗಿಯ ತಾಯಿಯೋ, ನೀರು ತರುವಾಕೆಯೋ, ಯಾರಿಗೆ ಗೊತ್ತು? ಇಷ್ಟು ವರ್ಷವೂ ಮಾಸ್ತರು ಆ ನಗುವನ್ನು ಒಮ್ಮೆ ತಾಯಿಗೆ ಕೊಟ್ಟು ನೋಡಿದ್ದಾರೆ, ಒಮ್ಮೆ ನೀರಿನಾಕೆಗೆ ಕೊಟ್ಟು ನೋಡಿದ್ದಾರೆ, ಕೊನೆಗೆ ಹುಡುಗಿಗೇ ವಾಪಸು ಕೊಟ್ಟಿದ್ದಾರೆ. ಹುಡುಗಿಯನ್ನು ಸಿರುಗುಪ್ಪದ ಗದ್ದೆಯವರಿಗೆ ಕೊಟ್ಟರು. ಗಂಡ ಬೇಗ ತೀರಿಕೊಂಡ. ಆಕೆ ತವರಿಗೆ ಬಂದು, ತನ್ನ ಪಾಲಿಗೆ ಬಂದದ್ದನ್ನು ತಳಪಾಯಕ್ಕೆ ಹಾಕಿ, ಸುತ್ತಲಿನವರಿಂದಲೂ ಎತ್ತಿ, ಬಳ್ಳಾರಿಗೆ ಓದಲು ಬರುವ ಹಳ್ಳಿಯ ಹುಡುಗಿಯರಿಗೆ ಊಟ ವಸತಿಗೆಂದು ಈ ನಿಧಿ ಮಾಡಿ ತಾನೇ ಖಜಾಂಚಿಯಾದಳು. ಇದನ್ನೆಲ್ಲ ಮಾಸ್ತರು ಅವರಿವರ ಬಾಯಿಂದ ಕೇಳಿ, ತಾವು ಕೇಳಲೇ ಇಲ್ಲವೆಂಬಂತೆ ನಡೆದುಕೊಂಡಿದ್ದರು.

ಬಿಸಿಲೇರುವ ಹೊತ್ತಿಗೆ ಸಿರುಗುಪ್ಪದ ಸುಂಕಪ್ಪ ತನ್ನ ಅಕ್ಕಿ ಲಾರಿಯಲ್ಲೇ ಬಂದಿಳಿದ. ಅವನಿಗೆ ಅಲ್ಲಿ ರೈಸ್ ಮಿಲ್ಲು ಇತ್ತು, ನಿಧಿಯ ಹಿರಿಯರಲ್ಲಿ ಅವನೂ ಒಬ್ಬ, ಮೇಲಾಗಿ ಎರ್ರಮ್ಮನ ದೊಡ್ಡಪ್ಪನ ಮಗ. ಅಕ್ಕಿ ರೇಷನ್ನಿನಲ್ಲಿ ಮುಗ್ಗಲು ವಾಸನೆ ಹೊಡೆಯುತ್ತಿದ್ದ ಆ ದಿನಗಳಲ್ಲಿ ಒಂದು ಸಣ್ಣಕ್ಕಿಯ ಚೀಲವನ್ನು ಹಮಾಲಿಯ ಬೆನ್ನ ಮೇಲಿಂದ ನೇರ ಅಡಿಗೆಮನೆಗೆ ಇಳಿಸಿದ. "ತಂಗೀಗೆ ಹಬ್ಬಕ್ಕ," ಎಂದ. ತಂಗಿಗೆ ಇಷ್ಟು ಹಬ್ಬ ಹೋಗಿದ್ದವು, ಅವನಿಗೆ ಅಕ್ಕಿ ನೆನಪಾದದ್ದು ಈ ಹಬ್ಬಕ್ಕೆ.

"ಮಾಸ್ತರ್ರ, ನಾವು ಪ್ಯಾಟಿ ಮಂದಿ," ಎಂದು ಸುಂಕಪ್ಪ ಹೊರಸಿನ ಮೇಲೆ ಕೂತ. "ಯುಗಾದಿ ದಿನ ಬಸವಣ್ಣನ ಮುಂದ ನಮ್ಮ ನಮ್ಮ ಸರಕಿನ ಅವತ್ತಿನ ಧಾರಣಿ ಕೂಗಿ ಹೇಳೋದು ನಮ್ಮ ಪದ್ಧತಿ. ಎಷ್ಟಕ್ಕ ಕೊಂಡಿದ್ದೆ, ಯಾವಾಗ ಕೊಂಡಿದ್ದೆ, ಯಾರೂ ಕೇಳಂಗಿಲ್ಲ. ಇವತ್ತು ಎಷ್ಟು? ಅಷ್ಟ. ಹತ್ತಿಗೆ ಅದ, ನೆಲ್ಲಿಗೆ ಅದ. ಕಾಗದಕ್ಕ ಬ್ಯಾರೆ ಶಾಸ್ತ್ರ ಐತೇನು? ನೂರಕ್ಕ ತಂದದ್ದು ತೊಂಬತ್ತರ ಕೆಳಗ ಬಂತು. ಈಯಮ್ಮ ನಿಧಿ ಮುಳುಗಿಸಿದಳು ಅಂತ ಒಂದು ಮಾತು ನೀವು ಅಂದುಬಿಡ್ರಿ. ಬಿ.ಎ. ಓದಿದೋರು ಅಂದ್ರ ಮಂದಿ ಒಪ್ಪತಾರ."

"ಆಮ್ಯಾಲ ನಿಧಿ?"

"ಕಾಗದ ಮಾರಿ ಮಿಲ್ಲಿಗೆ ಕೊಡ್ಲಿ. ಒಂಬತ್ತು ಪರ್ಸೆಂಟ್ ಕೊಡತೀನಿ. ಹುಡುಗ್ಯಾರು ತುಪ್ಪ ಹಾಕ್ಕೊಂಡು ಉಣ್ಲಿ."

ಹತ್ತಿ ಮೂಟೆಯನ್ನೂ ಸರ್ಕಾರಿ ಸಾಲಪತ್ರವನ್ನೂ ಒಂದೇ ತಕ್ಕಡಿಗೆ ಹಾಕುವ ಈ ತಿಳಿಗೇಡಿತನ ಮಾಸ್ತರಿಗೆ ಕಾಣದ್ದೇನಲ್ಲ. ಹತ್ತಿಯವನು ಮಾರಲೆಂದೇ ಹತ್ತಿ ಇಟ್ಟಿರುತ್ತಾನೆ, ಆದ್ದರಿಂದ ಅವನಿಗೆ ಇವತ್ತಿನ ಧಾರಣಿಯೇ ದೇವರು. ಮಾರುವ ಉದ್ದೇಶವೇ ಇಲ್ಲದೆ ಬಡ್ಡಿ ಉಣ್ಣಲು ಇಟ್ಟ ಕಾಗದಕ್ಕೆ ಆ ದೇವರು ಯಾಕೆ? ಒಂಬತ್ತು ಪರ್ಸೆಂಟ್ ಕೊಡುತ್ತೇನೆನ್ನುವ ಮಿಲ್ಲು ನಾಳೆ ನಿಂತರೆ ಅಸಲಿಗೆ ಯಾರ ಮನೆ ಬಾಗಿಲು ತಟ್ಟಬೇಕು? ಇಷ್ಟು ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ 'ಈಯಮ್ಮ ಮುಳುಗಿಸಿದಳು' ಎಂಬ ಮಾತು ಕಿವಿಗೆ ಎಷ್ಟು ಇಂಪಾಗಿತ್ತೆಂದರೆ ಅದನ್ನು ಇನ್ನೊಮ್ಮೆ ಕೇಳಬೇಕೆನಿಸಿ ಮಾಸ್ತರು ಸುಮ್ಮನಿದ್ದರು. ಮಧ್ಯಾಹ್ನ ಎರ್ರಮ್ಮ ಆ ಅಕ್ಕಿಯದೇ ಅನ್ನ ಮಾಡಿದಳು. ಮಲ್ಲಿಗೆ ಮೊಗ್ಗಿನಂಥ ಅನ್ನ. ಎರಡನೇ ಸಲ ಹಾಕಿಸಿಕೊಂಡ ಮೇಲೆ ಮಾಸ್ತರಿಗೆ ತಾನು ನ್ಯಾಯಾಧೀಶನೆಂಬುದು ನೆನಪಾಗಿ ಗಂಟಲಲ್ಲಿ ಅಗುಳು ಸಿಕ್ಕಿತು. ನೀರು ಕುಡಿದರು. ಮಜ್ಜಿಗೆಗೂ ಸ್ವಲ್ಪ ಹಾಕಿಸಿಕೊಂಡರು.

ಊಟದ ಮೇಲೆ ಕೊಟ್ರಬಸಮ್ಮ ಕಳಿಸಿದ ಲೆಕ್ಕದ ಹಾಳೆಗಳನ್ನು ಹರಡಿಕೊಂಡು ಕೂತರು. ತಪ್ಪು ಹುಡುಕಲು ಕೂತವನಿಗೆ ಅವು ಬೇಸರ ತರಿಸುವಷ್ಟು ನೆಟ್ಟಗಿದ್ದವು. ಊಟದ ಖರ್ಚಿಗೆಂದು ಇಟ್ಟ ದೊಡ್ಡ ಗಂಟು ಬಡ್ಡಿಯನ್ನು ತಪ್ಪದೆ ತರುತ್ತಿತ್ತು. ಮದರಾಸು ಕಡೆಯ ಇಂಥವೇ ನಿಧಿಗಳ ಕಾಗದಗಳೂ ಅಷ್ಟೇ ಇಳಿದಿದ್ದವು, ಈಕೆಯದು ಹೆಚ್ಚೇನೂ ಇಳಿದಿರಲಿಲ್ಲ. ಆಮೇಲೆ ಇನ್ನೊಂದು ಗಂಟು ಕಂಡಿತು. ಬೋರ್ಡಿಂಗು ಈಗಿರುವುದು ಬಾಡಿಗೆ ಮನೆಯಲ್ಲಿ. ಮನೆಯ ಮಾಲೀಕರು ಈ ಬೇಸಿಗೆಗೆ ಮನೆ ಬಿಡಬೇಕೆಂದು ಎರಡು ವರ್ಷದ ಕೆಳಗೇ ಹೇಳಿದ್ದರು. ಸ್ವಂತ ಮನೆ ಕಟ್ಟಲು ಊರವರು ಬೇರೆಯಾಗಿ ಕೊಟ್ಟ ಹಣವನ್ನೂ ಕೊಟ್ರಬಸಮ್ಮ ಅದೇ ಗಡುವಿಲ್ಲದ ಕಾಗದಕ್ಕೆ ಹಾಕಿದ್ದಳು. ಈಗ ಕಟ್ಟಬೇಕೆಂದರೆ ಮಾರಬೇಕು, ಮಾರಿದರೆ ನಷ್ಟ ಬರೀ ಪೇಪರಿನ ಮಾತಲ್ಲ, ಗೋಡೆ ಮೇಲೇಳುವುದೇ ಇಲ್ಲ. ಒಂದೆರಡು ವರ್ಷಕ್ಕೆ ತೀರುವ ಕಾಗದ ಕೊಂಡಿದ್ದರೆ ಬಡ್ಡಿ ಕಾಲು ಅರ್ಧ ಪರ್ಸೆಂಟ್ ಕಡಿಮೆ ಬರುತ್ತಿತ್ತು, ಅಷ್ಟೆ. ಬೆಲೆ ಹೀಗೆ ಬೀಳುತ್ತಿರಲಿಲ್ಲ. ಸಿಕ್ಕಿತು! ಎಂದು ಮಾಸ್ತರ ಎದೆ ಒಮ್ಮೆ ಜಿಗಿಯಿತು. ಈ ಒಂದೇ ಸಾಲು ಓದಿದರೆ ಸಾಕು, ಖಜಾಂಚಿಕೆ ಹೋಗುತ್ತದೆ, ನಿಧಿ ಮಿಲ್ಲು ಸೇರುತ್ತದೆ, ಕಿಟಕಿಯ ಆ ನಗು ನಿಲ್ಲುತ್ತದೆ.

ಮರುದಿನ ತಲೆಗೆ ಎಣ್ಣೆ ಹಚ್ಚಿಕೊಂಡು ಮಿಂದು, ಬೇವು ಬೆಲ್ಲ ಬಾಯಿಗೆ ಹಾಕಿಕೊಂಡು, ಅದೇ ಜಿಗಿತದಲ್ಲಿ ಮಾಸ್ತರು ಬಸ್ಸು ಹತ್ತಿದರು. ದಾರಿಯಲ್ಲಿ ಸಿಗುವ ಕೊಳಗಲ್ಲಿನವರೆಗೆ ಚೆನ್ನಾಗಿಯೇ ಇದ್ದರು. ಏನು ಹೇಳಬೇಕು, ಎಲ್ಲಿ ನಿಲ್ಲಿಸಬೇಕು, ಎಲ್ಲಿ ಕನ್ನಡಕ ತೆಗೆದು ಒರೆಸಬೇಕು, ಎಲ್ಲ ಸಿದ್ಧವಾಯಿತು. ಕೊಳಗಲ್ಲಿನಲ್ಲಿ ಒಬ್ಬ ಹಳೆಯ ವಿದ್ಯಾರ್ಥಿ ಹತ್ತಿದ, ದುರುಗಣ್ಣ ಅಂತ. ಮೂರು ಸಲ ಗಣಿತದಲ್ಲಿ ಫೇಲಾದವನು, ಈಗ ಶೇಂಗಾ ದಲಾಲಿಯಲ್ಲಿ ಕೈತುಂಬ ಉಂಗುರ. ಬೇಡವೆಂದರೂ ಮಾಸ್ತರ ಟಿಕೆಟಿನ ದುಡ್ಡು ಕೊಟ್ಟ. "ಇರ್ಲಿ ಬಿಡ್ರಿ ಸಾರ್. ನಿಮಗ ಈಗೂ ಅಷ್ಟ ಪಗಾರೇನ್ರಿ?" ಎಂದ. ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ, ನಿಜವಾಗಿ ಕಳಕಳಿಯಿಂದ ಕೇಳಿದ. ಮಾಸ್ತರು ನಕ್ಕು ಕಿಟಕಿಯ ಹೊರಗೆ ನೋಡಿದರು. ಕರೀ ಹೊಲ, ಕಿತ್ತು ಒಟ್ಟಿದ ಹತ್ತಿಕಟ್ಟಿಗೆ, ದೂರದಲ್ಲಿ ಬಂಡೆಗುಡ್ಡ. ಜೋಳ ಏರಿತು, ಎಣ್ಣೆ ಏರಿತು, ಸೀರೆ ಏರಿತು, ಈಗ ಬಡ್ಡಿಯೂ ಏರಿತು. ತಾನು ಮಾತ್ರ ವರ್ಷ ವರ್ಷ ಅಷ್ಟೇ ತರುತ್ತಿದ್ದೇನೆ. ತಪ್ಪದೆ ತರುತ್ತೇನೆ, ಒಂದು ತಿಂಗಳೂ ಬಿಟ್ಟಿಲ್ಲ. ಆದರೂ ಪೇಟೆಯಲ್ಲಿ ನಿಲ್ಲಿಸಿ ಧಾರಣಿ ಕೂಗಿಸಿದರೆ ಯಾರು ಎಷ್ಟು ಕೊಟ್ಟಾರು? ಆ ಮೂರು ಪರ್ಸೆಂಟಿನ ಕಾಗದ ತಾನೇ ಅಲ್ಲವೇ?

ಈ ವಿಚಾರ ಬಂದದ್ದೇ ತಡ, ಮಾಸ್ತರಿಗೆ ಕಾಗದದ ಮೇಲೆ ಎಲ್ಲಿಲ್ಲದ ಮಮತೆ ಹುಟ್ಟಿತು. ಪಾಪದ ಕಾಗದ! ಕೊಡುತ್ತೇನೆಂದದ್ದನ್ನು ಕೊಟ್ಟೇ ಕೊಡುತ್ತಿದೆ, ಆದರೂ ಊರೆಲ್ಲ ಬೈಯುತ್ತಿದೆ. ಮತ್ತು ಅಂಥದನ್ನೇ ಆರಿಸಿ ಆರಿಸಿ ಕೊಂಡ ಹೆಂಗಸು! ಬರುವುದು ಇಷ್ಟೇ ಎಂದು ಗೊತ್ತಿರುವುದನ್ನು ಅಪ್ಪ ಬೇಡವೆಂದಿದ್ದ, ಅದನ್ನೇ ಆಕೆ ತಾನು ಸ್ವತಂತ್ರಳಾದ ಮೇಲೆ ಪೆಟ್ಟಿಗೆ ತುಂಬ ಕೊಂಡು ಇಟ್ಟಿದ್ದಾಳೆ ಎಂದರೆ ಏನರ್ಥ? ಅರ್ಥವೇನೂ ಇರಲಿಲ್ಲ, ಬಸ್ಸು ಕುಲುಕುತ್ತಿತ್ತು, ಖಾಲಿ ಹೊಟ್ಟೆಯಲ್ಲಿ ಬೇವು ಬೇರೆ. ಆದರೂ ಮಾಸ್ತರ ಕಣ್ಣು ಒದ್ದೆಯಾಯಿತು. ಕುರುಗೋಡಿನ ಗುಡ್ಡ ಕಾಣುವಷ್ಟರಲ್ಲಿ ಅವರು ಆಕೆಯನ್ನು ಕ್ಷಮಿಸಿಬಿಟ್ಟಿದ್ದರು. ಕ್ಷಮಿಸಿದ್ದಷ್ಟೇ ಅಲ್ಲ, ಮನೆ ಕಟ್ಟುವ ಗಂಟಿನ ಮಾತನ್ನು ಎತ್ತುವುದೇ ಇಲ್ಲವೆಂದು ತೀರ್ಮಾನಿಸಿದರು. ಕಿಟಕಿಯ ಆ ನಗುವಿಗೆ ಇದು ತಕ್ಕ ಉತ್ತರ. ಆಕೆಗೆ ಒಂದು ದಿನ ಅರ್ಥವಾಗುತ್ತದೆ, ಯಾರು ತನ್ನನ್ನು ಕಾಪಾಡಿದರೆಂದು.

ದೊಡ್ಡ ಬಸವಣ್ಣನ ಗುಡಿಯ ಮುಂದೆ ಒಬ್ಬ ಹೆಂಗಸು, ಬಿಳಿ ಸೀರೆ, ಹಣೆಯಲ್ಲಿ ವಿಭೂತಿ, ತೋಳಿನ ಸಂದಿಯಲ್ಲಿ ಹಾಳೆಗಳ ಕಟ್ಟು, ಅವರನ್ನು ಎದುರುಗೊಂಡಳು. ಕೂದಲು ನರೆತಿತ್ತು. ನಡಿಗೆ ಚುರುಕಾಗಿತ್ತು. "ಬರ್ರಿ ಮಾಸ್ತರ್ರ. ನಾನ ಕೊಟ್ರಬಸಮ್ಮ," ಎಂದು ಕೈ ಮುಗಿದಳು. ಮಾಸ್ತರೂ ಮುಗಿದರು. ಆಕೆಯ ಕಣ್ಣಲ್ಲಿ ಏನಾದರೂ ಕಾಣಬಹುದೆಂದು ಕಾದರು.

"ಬಿಸಲಾಗ ಭಾಳ ತ್ರಾಸ ಆತು ನಿಮಗ," ಎಂದಳು ಆಕೆ. "ಕುರುಗೋಡಿಗೆ ಇದ ಮೊದಲನೇ ಸಲ ಬಂದೀರೇನು?"

ಅಣಕವೇ ಎಂದು ಮಾಸ್ತರು ಆಕೆಯ ಮುಖ ನೋಡಿದರು. ಅಣಕ ಇರಲಿಲ್ಲ. ನೀರು ಬೇಕೇ ಎಂದು ಕೇಳುವವರ ಮುಖದಷ್ಟೇ ಸಾದಾ ಮುಖ. ಮೂರ್ನಾಲ್ಕು ಜನ ನೋಡಿ ಹೋಗಿದ್ದಿರಬಹುದು ಆಗ, ಅವರಲ್ಲಿ ಕೋಟು ಹಾಕಿಕೊಂಡು ಬೆವರಿದವನೊಬ್ಬ. ಯಾಕೆ ನೆನಪಿರಬೇಕು? ಸೇಡೂ ಕ್ಷಮೆಯೂ ಹೊತ್ತುಕೊಂಡು ಇಷ್ಟು ದೂರ ಬಂದರೆ, ತೆಗೆದುಕೊಳ್ಳಬೇಕಾದವರು ಆ ವಿಳಾಸದಲ್ಲಿ ಇರಲೇ ಇಲ್ಲ. "ಹೌದ್ರಿ," ಎಂದರು ಮಾಸ್ತರು, "ಮೊದಲನೇ ಸಲ."

ಒಳಗೆ ಮಂಟಪದಲ್ಲಿ ಜಮಖಾನೆ ಹಾಸಿತ್ತು. ಅಯ್ಯನವರು ಪಂಚಾಂಗ ಓದಿದರು. ನಂದನ ಸಂವತ್ಸರ, ಯಾವ ರಾಶಿಗೆ ಆದಾಯ ಎಷ್ಟು, ವ್ಯಯ ಎಷ್ಟು. ಮಾಸ್ತರ ರಾಶಿಗೆ ವ್ಯಯವೇ ಜಾಸ್ತಿ ಇತ್ತು. ಆಮೇಲೆ ವ್ಯಾಪಾರಸ್ಥರು ಒಬ್ಬೊಬ್ಬರೇ ಎದ್ದು ಬಸವಣ್ಣನ ಕಡೆ ತಿರುಗಿ ಹತ್ತಿಯ ಧಾರಣಿ, ಶೇಂಗಾದ ಧಾರಣಿ, ನೆಲ್ಲಿನ ಧಾರಣಿ ಕೂಗಿದರು. ಸುಂಕಪ್ಪ ಎದ್ದವನು ನೆಲ್ಲಿನ ಧಾರಣಿ ಕೂಗಿ, ಕೂರದೆ, ಪೇಪರಿನ ತುಂಡೊಂದನ್ನು ತೆಗೆದು ಸಾಲಪತ್ರದ ಧಾರಣಿಯನ್ನೂ ಕೂಗಿದ. ಮಂಟಪದಲ್ಲಿ ಗುಜುಗುಜು ಎದ್ದಿತು. ನಿಧಿಯ ಅಧ್ಯಕ್ಷ ಗಾದಿಲಿಂಗಪ್ಪನವರು ಕುರುಗೋಡಿನ ಹಿರಿಯ ಹತ್ತಿ ವ್ಯಾಪಾರಿ, ಒಂದು ಕಿವಿ ಮಂದ. ಅವರು ಒಳ್ಳೆಯ ಕಿವಿಯನ್ನು ಮಾಸ್ತರ ಕಡೆ ತಿರುಗಿಸಿ, "ಇಳದೈತಿ ಅಂತಾನಲ್ರಿ. ನೀವು ಹೇಳ್ರಿ," ಎಂದರು.

ಮಾಸ್ತರು ಎದ್ದರು. ಕ್ಷಮೆಗೆ ಗಿರಾಕಿ ಇಲ್ಲದಿದ್ದರೂ ಭಾಷಣ ತಯಾರಿತ್ತು. ತಯಾರಾದದ್ದನ್ನು ಹೇಳದೆ ಕೂರುವುದು ಅವರ ಕಸುಬಿನಲ್ಲಿ ಇರಲಿಲ್ಲ. ಇಳಿದದ್ದು ಖರೆ, ಆದರೆ ಮಾರುವವರಿಗಷ್ಟೇ ಅದು ನಷ್ಟ ಎಂದರು. ಬಡ್ಡಿ ಒಂದು ಕಾಸೂ ಕಡಿಮೆಯಾಗಿಲ್ಲ, ಹುಡುಗಿಯರ ತಟ್ಟೆಯಲ್ಲಿ ಒಂದು ಅಗುಳೂ ಕಡಿಮೆಯಾಗಿಲ್ಲ ಎಂದರು. "ಕಾಗದಾನ ಹತ್ತಿ ಕೂಡ ಹೋಲಿಸಬ್ಯಾಡ್ರಿ, ಅಂಥಾದ್ದ ಬ್ಯಾರೆ ಕಾಗದದ ಕೂಡ ಹೋಲಿಸ್ರಿ. ಎಲ್ಲಾರದೂ ಇಳದೈತಿ, ಇವರದೂ ಅಷ್ಟ ಇಳದೈತಿ. ಹೋಗ್ಲಿ, ಬಡ್ಡಿ ಏರೋದು ಉಳಿಸೋರಿಗೆ ಒಳ್ಳೇದ. ಉಂಡು ಮಿಕ್ಕ ಬಡ್ಡಿಯೊಳಗ ಈಗ ಅಗ್ಗಕ್ಕ ಹೊಸ ಕಾಗದ ಬರತೈತಿ, ಅದು ಹೆಚ್ಚಿಗಿ ತರತೈತಿ. ಖಜಾಂಚಿಯೋರದು ಎಳ್ಳಷ್ಟೂ ತಪ್ಪಿಲ್ಲ." ಕನ್ನಡಕ ತೆಗೆದು ಒರೆಸಿ ಕೂತರು. ಅರ್ಧದಷ್ಟು ಜನಕ್ಕೆ ಅರ್ಥವಾಗಲಿಲ್ಲ, ಆದರೆ ದನಿ ಗಟ್ಟಿಯಾಗಿತ್ತಾದ್ದರಿಂದ ತಲೆ ಆಡಿಸಿದರು. ಸುಂಕಪ್ಪ ಅನ್ನದ ಋಣ ಎಲ್ಲಿ ಹೋಯಿತೆಂಬಂತೆ ನೋಡಿದ. ಗಾದಿಲಿಂಗಪ್ಪನವರು ಮುಗಿಯಿತಲ್ಲ ಎಂದು ರುಮಾಲು ಸರಿಪಡಿಸಿಕೊಂಡರು.

"ಮಾಸ್ತರ್ರ," ಎಂದಳು ಕೊಟ್ರಬಸಮ್ಮ, ಕೂತಲ್ಲಿಂದಲೇ. "ಮನಿ ಕಟ್ಟೋ ರೊಕ್ಕದ ಮಾತು ಬಿಟ್ರಲ್ಲ?"

ಮಾಸ್ತರ ಕಿವಿ ಬಿಸಿಯಾಯಿತು. "ಅದು... ಮರತೆ."

"ಮರಿಯೋ ಜಾಗದಾಗ ಇರಲಿಲ್ರಿ ಅದು. ಹಾಳಿ ಹಿಂದ ಮುಚ್ಚಿಟ್ಟಿರಲಿಲ್ಲ, ದೊಡ್ಡ ಅಕ್ಷರದಾಗ ಬರದಿದ್ದೆ." ಆಕೆ ದನಿ ಏರಿಸಲಿಲ್ಲ. "ನಿಮ್ಮನ್ನ ಕರಸ್ರಿ ಅಂತ ಹಿರೇರಿಗೆ ಹೇಳಿದಾಕಿ ನಾನ. ಬೋರ್ಡಿಂಗಿನ ಹುಡುಗ್ಯಾರು ಹೇಳತಿದ್ರು, ಆ ಮಾಸ್ತರು ಯಾರ ಮಾರಿನೂ ನೋಡಂಗಿಲ್ಲ, ಲೆಕ್ಕ ನೋಡತಾರ ಅಂತ. ಇಷ್ಟು ವರ್ಷದಾಗ ನನ್ನ ಲೆಕ್ಕ ಒಬ್ಬರೂ ಓದಿಲ್ರಿ. ಧಾರಣಿ ಏರಿದಾಗ ಕೊಟ್ರಬಸಮ್ಮ ಭಾಳ ಶಾಣ್ಯಾಕಿ ಅಂದ್ರು. ಇಳಿದಾಗ ಮುಳುಗಿಸಿದಳು ಅಂದ್ರು. ಏರಿಸಿದಾಕಿ ನಾನಲ್ಲ, ಇಳಿಸಿದಾಕಿ ನಾನಲ್ಲ. ನಾನು ಮಾಡಿದ್ದು ಏನೈತಿ, ಅದನ್ನ ಒಬ್ಬರು ಹೇಳತಾರ ಅಂತ ಕಾದಿದ್ದೆ. ನೀವೂ ಪಾಪ ಅಂತ ಬಿಟ್ಟುಬಿಟ್ರಿ."

ಆಕೆಯ ಕಣ್ಣಲ್ಲಿ ನೀರಿತ್ತು. ಸಿಟ್ಟಿನದು. ಮಾಸ್ತರಿಗೆ ಬದುಕಿನಲ್ಲಿ ಅಷ್ಟು ಅವಮಾನ ಆದದ್ದಿಲ್ಲ. ಚಪ್ಪಲಿ ಹುಡುಕುತ್ತಾ ಬಗ್ಗಿದಾಗ ಆದದ್ದು ಇದರ ಮುಂದೆ ಏನೂ ಅಲ್ಲ, ಆಗ ತಪ್ಪು ತನ್ನದಾಗಿರಲಿಲ್ಲ. ನಿನ್ನೆ ಆಕೆಯ ಸೋಲಿಗೆ ಹಿಗ್ಗಿದ್ದೂ ಇವತ್ತು ಬಸ್ಸಿನಲ್ಲಿ ಮರುಗಿದ್ದೂ ಒಂದೇ ಜಾತಿಯದು, ಎರಡರಲ್ಲೂ ಆಕೆ ಇರಲಿಲ್ಲ, ನಿಧಿಯಂತೂ ಇರಲೇ ಇಲ್ಲ, ತಾನೊಬ್ಬನೇ ಕೂತು ತನ್ನ ಬೆಲೆ ತಾನೇ ಕೂಗಿಕೊಳ್ಳುತ್ತಿದ್ದೆ ಎನಿಸಿತು. ಅವರು ಮತ್ತೆ ಎದ್ದರು. ಈ ಸಲ ಕನ್ನಡಕ ಮುಟ್ಟಲಿಲ್ಲ.

"ತಪ್ಪು ಹೇಳಿದೆ. ಇನ್ನೊಮ್ಮೆ ಹೇಳತೀನಿ," ಎಂದರು. "ಊಟದ ರೊಕ್ಕ ಇವರು ಸರಿ ಇಟ್ಟಾರ. ಅದು ಎಂದೂ ಮಾರೋದಲ್ಲ, ಅದಕ್ಕ ಗಡುವಿಲ್ಲದ ಕಾಗದ ಸರಿ. ಬೆಲಿ ಇಳಿದ್ರ ಇಳೀಲಿ. ಮನಿ ರೊಕ್ಕ ತಪ್ಪು ಇಟ್ಟಾರ. ಈ ಬ್ಯಾಸಿಗಿಗೆ ಬೇಕಾಗತೈತಿ ಅಂತ ಗೊತ್ತಿತ್ತು. ಬ್ಯಾಸಿಗಿ ಒಳಗ ತೀರೋ ಕಾಗದದಾಗ ಇಡಬೇಕಿತ್ತು. ಅರ್ಧ ಪರ್ಸೆಂಟ್ ಬಡ್ಡಿ ಆಸಿಗೆ ಇಡಲಿಲ್ಲ. ಇದು ರಿಸರ್ವ್ ಬ್ಯಾಂಕಿನ ತಪ್ಪಲ್ಲ. ಕೊಟ್ರಬಸಮ್ಮನೋರ ತಪ್ಪು."

"ಖರೆ," ಎಂದಳು ಕೊಟ್ರಬಸಮ್ಮ. ಭಾರವಾದ ಕೊಡವನ್ನು ಯಾರೋ ಕೈಯಿಂದ ಇಳಿಸಿಕೊಂಡಾಗ ಬರುವಂಥ ಉಸಿರು ಬಂತು ಆಕೆಗೆ.

ಸುಂಕಪ್ಪ ಜಿಗಿದೆದ್ದ. "ಬಾಯಿಲೆ ಒಪ್ಪಿದಳಲ್ಲ! ತಗೀರಿ ಈಯಮ್ಮನ್ನ!"

ಗಾದಿಲಿಂಗಪ್ಪನವರು ಕೈ ಎತ್ತಿದರು. "ಮಾಸ್ತರ್ರ, ನನಗ ಒಂದ ಮಾತು ಸಾಕು. ನಿಧಿ ಈಯಮ್ಮನ ಕೈಯಾಗ ಇರಬೇಕೋ, ಬ್ಯಾಡೋ?"

"ಇರಬೇಕು. ನಾನು ಮುಚ್ಚಿದ್ದನ್ನ ಇವರು ತಗದು ತೋರಿಸಿದ್ರು. ಒಂಬತ್ತು ಪರ್ಸೆಂಟ್ ಅನ್ನೋರು ಯಾರೂ ತಮ್ಮ ತಪ್ಪು ತೋರಿಸಿದ್ದನ್ನ ನಾನು ನೋಡಿಲ್ಲ. ಕಾಗದ ಮಾರಬ್ಯಾಡ್ರಿ. ಬರೋ ಬಡ್ಡಿಯೊಳಗ ಉಳಿಸಿ, ಬೇಗ ತೀರೋ ಕಾಗದ ತಗೊಂಡು, ಮನಿ ರೊಕ್ಕ ಮತ್ತ ಕೂಡಿಸ್ರಿ."

"ಅಲ್ಲೀತನ ಹುಡುಗ್ಯಾರು ಎಲ್ಲಿ ಇರತಾರ?" ಎಂದ ಸುಂಕಪ್ಪ. "ಕ್ವಾಟಿ ಗುಡ್ಡದ ಮ್ಯಾಲೇನು?"

ಪ್ರಶ್ನೆ ಸರಿಯಾಗಿತ್ತು, ಅದೇ ಕಷ್ಟ. ಕೊಟ್ರಬಸಮ್ಮ ತಲೆ ತಗ್ಗಿಸಿದಳು. ಹತ್ತು ಹನ್ನೆರಡು ಹುಡುಗಿಯರು, ಶಾಲೆ ತೆರೆಯುವ ಹೊತ್ತಿಗೆ ಮನೆ ಸಿಗದಿದ್ದರೆ ಅವರವರ ಊರಿಗೆ ಹೋಗಿ ಅಲ್ಲೇ ಉಳಿಯುವವರು. ಮಾಸ್ತರಿಗೆ ತಾವು ಬಾಯಿ ತೆರೆದದ್ದು ಗೊತ್ತಾದದ್ದು ಮಾತು ಹೊರಗೆ ಬಿದ್ದ ಮೇಲೆ.

"ನಮ್ಮನ್ಯಾಗ ಇರತಾರ. ಹಿಂದ ದೊಡ್ಡ ಪಡಸಾಲಿ ಐತಿ."

ಕೊಟ್ರಬಸಮ್ಮ ತಲೆ ಎತ್ತಿ ನೋಡಿದಳು. "ಮನಿಯೋರನ್ನ ಕೇಳೀರೇನ್ರಿ?"

"ಇಲ್ಲ."

ಮಂಟಪ ನಕ್ಕಿತು. ಗಾದಿಲಿಂಗಪ್ಪನವರಿಗೂ ಕೇಳಿಸಿ ಅವರೂ ನಕ್ಕರು. ಕೊಟ್ರಬಸಮ್ಮ ಮಾತ್ರ ನಗಲಿಲ್ಲ. "ಹಂಗಾರ ಈ ಮಾತು ನಾನು ಇನ್ನೂ ಲೆಕ್ಕಕ್ಕ ಹಿಡಿಯಂಗಿಲ್ಲ. ಅವರು ಹೂಂ ಅಂದ್ರ ಹೇಳಿ ಕಳಿಸ್ರಿ," ಎಂದಳು.

ಸಂಜೆ ಬಿಸಿಲು ಕೋಟೆಗುಡ್ಡದ ಬಂಡೆಗಳ ಮೇಲಿಂದ ಜಾರುವ ಹೊತ್ತಿಗೆ ಮಾಸ್ತರು ಮನೆಗೆ ಬಂದು, ರುಮಾಲು ತೆಗೆಯದೆ, ನಡೆದದ್ದೆಲ್ಲ ಎರ್ರಮ್ಮನಿಗೆ ಹೇಳಿದರು. ಜಿಗಿದದ್ದು, ಮರುಗಿದ್ದು, ಮುಚ್ಚಿದ್ದು, ಬೈಸಿಕೊಂಡದ್ದು. ಕೊಟ್ರಬಸಮ್ಮ ಹೀಗಂದಳು, ಕೊಟ್ರಬಸಮ್ಮ ಹಾಗಂದಳು, ಕೊಟ್ರಬಸಮ್ಮನ ತಪ್ಪು ಇದು, ಸರಿ ಇದು. ಕೊನೆಗೆ ಪಡಸಾಲೆಯ ಮಾತು ಹೇಳಿ, ಎಡವಟ್ಟು ಮಾಡಿದ ಹುಡುಗನ ಹಾಗೆ ನೆಲ ನೋಡಿದರು.

"ಎಷ್ಟು ದಿನಕ್ಕ?" ಎಂದಳು ಎರ್ರಮ್ಮ.

"ಗೊತ್ತಿಲ್ಲ."

"ಆಯಮ್ಮಗ ನಿಮ್ಮ ಗುರುತು ಸಿಕ್ಕಿತೇನು?"

"ಇಲ್ಲ."

"ನೀವು ಹೇಳಿದ್ರೇನು?"

"ಇಲ್ಲ."

ಎರ್ರಮ್ಮ ಎದ್ದು ಹಿಂದಿನ ಪಡಸಾಲೆಗೆ ಹೋದಳು. ಅಲ್ಲಿ ಗೋಡೆಯುದ್ದಕ್ಕೂ ಮಾಸ್ತರ ಹಳೇ ಪೇಪರಿನ ಕಟ್ಟುಗಳು, ಮುರಿದ ಕುರ್ಚಿ, ತವರಿನಿಂದ ಅವಳ ಜೊತೆ ಬಂದ ದೊಡ್ಡ ಮರದ ಪೆಟ್ಟಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಪೆಟ್ಟಿಗೆಯ ಒಂದು ಕಡೆ ಎತ್ತಿ ನೋಡಿದಳು, ಅದು ಅಲುಗಲಿಲ್ಲ. ಬಾಗಿಲಲ್ಲಿ ನಿಂತ ಗಂಡನ ಮುಖವನ್ನು ತಿರುಗಿ ನೋಡಿದಳು. ಅವಳ ಕಣ್ಣು ತುಂಬಿತ್ತು, ತುಟಿಯಲ್ಲಿ ಮಾತ್ರ ಅದೇ ಹಳೆಯ ತುಂಟತನ.

"ಇಷ್ಟು ವರ್ಷ ಆತು ಮದುವ್ಯಾಗಿ," ಎಂದಳು. "ಆಯಮ್ಮನ ಹೆಸರು ಹೇಳೋವಾಗ ನಿಮ್ಮ ದನಿ ನೆಟ್ಟಗಿರೋದು ಇವತ್ತ ಮೊದಲು ನೋಡ್ರಿ. ಹೂಂ, ನಿಂತು ಏನು ನೋಡತೀರಿ? ಹಿಡೀರಿ ಆ ಕಡೆ."